ಅರ್ಧ ಬಾಟಲಿ ತಂಗಳು ನೀರು

ಮನೆಗೆಲಸಗಳಲ್ಲಿ ನನಗೆ ಪ್ರಿಯವಾದದ್ದು ಆಲೋಚನೆಯೇ ಬೇಡದ ಕೆಲಸ. ಹೆಂಡತಿ ರತ್ನ ಅಂಥದ್ದನ್ನೇ ಹುಡುಕಿ ಕೊಟ್ಟಿದ್ದಾಳೆ: ಬೆಳಿಗ್ಗೆ ಎದ್ದು ತಂಗಳು ನೀರು ಚೆಲ್ಲುವುದು. ಬಂಗಾರಪೇಟೆಯ ನಮ್ಮ ಮನೆಯಲ್ಲಿ ರಾತ್ರಿ ಕಳೆದ ನೀರು ನೀರಲ್ಲ. ಚೊಂಬು, ಬಿಂದಿಗೆ, ಬಾಟಲಿ ಎಲ್ಲವೂ ದಾಸವಾಳದ ಬುಡದಲ್ಲಿ ಖಾಲಿಯಾಗಬೇಕು.

ನಾನು ಪತ್ರಿಕೆಯಲ್ಲಿ ಸುದ್ದಿ ತಿದ್ದುವವನು. ಮೊನ್ನೆ ಕೈಗೆ ಒಂದು ವಿಜ್ಞಾನ ಬರಹ ಬಂತು. ಶೀತದೇಶಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಬಂಡೆಯೊಳಗೆ ಇಳಿದ ನೀರನ್ನು ಮೇಲೆತ್ತಿ, ಅದರಲ್ಲಿ ಕರಗಿರುವ ಗಾಳಿ, ಉಪ್ಪುಗಳನ್ನು ಅಳೆಯುತ್ತಾರಂತೆ. ಅಂದು ಆ ನೆಲದ ಮೇಲೆ ಹಿಮದ ಹಾಸು ಕೂತಿತ್ತೇ ಎಂಬುದು ಅದರಿಂದ ತಿಳಿಯುತ್ತದೆ. ‘ತಂಗಳು ನೀರಿನಲ್ಲಿ ಹಿಮದ ಗುರುತು’ ಎಂದು ಶೀರ್ಷಿಕೆ ಕೊಟ್ಟೆ. ಅಚ್ಚಾದ ಮೇಲೆ ಮನೆಯಲ್ಲೂ ಓದಿ ಹೇಳಿದೆ.

“ಸಾವ್ರಾರು ವರ್ಸದ ನೀರಾ? ಥೂ! ಚೆಲ್ಲಾಕೆ ಆ ಊರಾಗೆ ಒಬ್ಬ ಗಂಡನೂ ಇಲ್ವಾ?” ಎಂದಳು ರತ್ನ.

ಕೆಜಿಎಫ್‌ನಿಂದ ಬಂದು ನಮ್ಮಲ್ಲೇ ಇರುವ ಅತ್ತೆ ಮಾತ್ರ ನಗದೆ, ಆ ಬರಹವನ್ನು ಎರಡು ಸಲ ಓದಿಸಿಕೊಂಡರು.

ಮರುದಿನ ದೇವರ ಗೂಡಿನ ಹಿಂದೆ ಒಂದು ಗಾಜಿನ ಬಾಟಲಿ ಕಂಡಿತು. ಅರ್ಧ ನೀರು. ದಾಸವಾಳದ ಬಳಿ ಒಯ್ದು ಮುಚ್ಚಳಕ್ಕೆ ಕೈ ಹಾಕಿದೆ.

“ಅಯ್ಯಯ್ಯೋ, ಅಳಿಯಂದ್ರೇ! ಬ್ಯಾಡಿ!” ಮಂಡಿನೋವಿನ ಅತ್ತೆ ಓಡಿಬಂದರು.

ಮಾವ ಚಿನ್ನದ ಗಣಿಯಲ್ಲಿದ್ದವರು, ಈಗಿಲ್ಲ. “ಅವ್ರ ಕಡೇ ಪಾಳೀದು ಇದು. ಮನೇ ನಲ್ಲಿ ನೀರೇ ತಕಂಡೋಗಿದ್ರು. ಗಣಿ ತಳದಾಗೆ ಅರ್ಧ ಕುಡ್ದು, ಅಲ್ಲೇ ಮುಚ್ಚಳ ಆಕಂಡು ಬಂದ್ರು. ಆಮ್ಯಾಕೆ ಯಾರೂ ತೆಗ್ದಿಲ್ಲ.” ಆಮೇಲೆ ಮೆಲ್ಲಗೆ, “ನೀರು ಗಾಳೀನ ಇಡ್ಕಂತೈತೆ ಅಂತ ನೀವೇ ಪೇಪರ್‌ನಾಗೆ ಆಕಿದ್ರಲ್ಲ. ಇದ್ರಾಗೆ ಅವ್ರ ಉಸ್ರು ಐತಾ?” ಎಂದರು.

ದೃಢಪಡದ ಸುದ್ದಿಯನ್ನು ನಾನು ಅಚ್ಚಿಗೆ ಬಿಟ್ಟವನಲ್ಲ. ನೀರು ನಲ್ಲಿಯದು. ಮೇಲಾಗಿ, ವಿಜ್ಞಾನಿಗಳು ಒಂದು ಗುಳ್ಳೆಯೂ ನುಸುಳದಂತೆ ಮಾದರಿ ತುಂಬುತ್ತಾರೆ. ಅರ್ಧ ಖಾಲಿಯಾದ ಬಾಟಲಿಯನ್ನು ಅವರೂ ರತ್ನಳಂತೆಯೇ ಚೆಲ್ಲಿಯಾರು. ಇದನ್ನೆಲ್ಲ ಹೇಳಲು ಬಾಯಿ ತೆರೆದವನು ನಿಂತೆ. ಮುಚ್ಚಳ ಬಿಗಿದದ್ದು ಗಣಿಯ ತಳದಲ್ಲಲ್ಲವೇ? ಕುಡಿದ ಬಾಯಿಯ ಹತ್ತಿರವೇ.

“ಐತೆ ಅತ್ತೆ,” ಎಂದೆ. “ನೀರಾಗಲ್ಲ. ಮೇಲೆ ಖಾಲಿ ಐತಲ್ಲ, ಅದ್ರಾಗೆ.”

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಇಷ್ಟು ವರ್ಷ ನೀರನ್ನೇ ನೋಡಿದ್ದವರು ಈಗ ಅದರ ಮೇಲಿನ ಏನೂ ಇಲ್ಲದ ಜಾಗವನ್ನು ಬಹಳ ಹೊತ್ತು ನೋಡಿದರು.

ಹಿಂದಿನಿಂದ ರತ್ನಳ ದನಿ ಬಂತು, ಎಂದಿನ ಜೋರಿರಲಿಲ್ಲ: “ರೀ, ಮುಚ್ಚಳ ಬಿಗಿಯಾಗೈತಾ ನೋಡ್ರಿ.”

ಈಗ ದಿನಾ ಬೆಳಿಗ್ಗೆ ಅದನ್ನು ನೋಡುವುದೂ ನನ್ನದೇ ಕೆಲಸ. ಮುಚ್ಚಳ ಮುಟ್ಟುವ ಮೊದಲು, ಬಿಗಿಯುವುದು ಯಾವ ಕಡೆಗೆ ಎಂದು ಎರಡು ಸಲ ಆಲೋಚಿಸುತ್ತೇನೆ.