ಚೂರುಚೂರಾದ ಚಿಕ್ಕತಾಯಮ್ಮ

ಕನ್ನಡದ ಅಕ್ಷರಗಳು ಮುತ್ತಿನಂತೆ ದುಂಡಗಿವೆ ಎಂದು ಹೊಗಳುವವರು ಅವನ್ನು ಎಂದೂ ಕತ್ತರಿಸಿ ನೋಡಿದವರಲ್ಲ. ನಾನು ನೋಡಿದ್ದೇನೆ. ನಮ್ಮ ಯಜಮಾನರು ಶಿವಣ್ಣ ಹುಣಸೂರಿನಲ್ಲಿ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದಮೇಲೆ ಅವರ ಬಣ್ಣದ ಡಬ್ಬಿಗಳು ಮುಚ್ಚಳ ತೆರೆಯದೆಯೇ ಒಣಗತೊಡಗಿದವು. ಕೊನೆಗೆ ಧೈರ್ಯಮಾಡಿ ಲೇಸರ್ ಕಟಿಂಗ್ ಮೆಷಿನ್ ತಂದೆವು. ಗೋಡೆಯ ಮೇಲೆ ಸ್ಕೇಲಿಲ್ಲದೆ ಗೆರೆ ಎಳೆಯುವ ಅವರ ಕೈಗೆ ಮೌಸ್ ಮಾತ್ರ ಒಗ್ಗಲಿಲ್ಲ. ಹಾಗಾಗಿ ಕಲಿಯುವ ಪಾಳಿ ನನ್ನದಾಯಿತು. ಮೆಷಿನ್ ಮಾರಿದವನು ಮೈಸೂರಿನಿಂದ ಬಂದು ಒಂದು ಮಧ್ಯಾಹ್ನ ಡಿಸೈನ್ ಸಾಫ್ಟ್‌ವೇರ್ ಕಲಿಸಿ ಹೋದ. ಕಲಿಸಿದ್ದೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ.

ಮೊದಲ ಗಿರಾಕಿ ರಾವಂದೂರಿನ ಜಯಮ್ಮ. ಹೊಸ ಮನೆಗೆ ತೀರಿಹೋದ ತಾಯಿಯ ಹೆಸರಿಡುವ ಆಸೆ ಅವರಿಗೆ. “ನಮ್ಮವ್ವನ ಹೆಸ್ರು ಚಿನ್ನದಂಗೆ ಒಳೀಬೇಕು ಕಣಕ್ಕ. ನಾಳೀಕೇ ಗೃಹಪ್ರವೇಸ,” ಎಂದರು.

‘ಚಿಕ್ಕತಾಯಮ್ಮ ನಿಲಯ’ ಎಂದು ಟೈಪ್ ಮಾಡಿದೆ. ಪರದೆಯ ಮೇಲೆ ಮದುವಣಗಿತ್ತಿಯಂತೆ ಕಂಡಿತು. ಚಿನ್ನದ ಬಣ್ಣದ ಅಕ್ರಿಲಿಕ್ ಹಾಳೆಯಿಟ್ಟು ಗುಂಡಿ ಒತ್ತಿದೆ. ಮುಚ್ಚಳ ತೆಗೆದರೆ ತಲೆಕಟ್ಟು ಒಂದು ಕಡೆ, ದೀರ್ಘ ಇನ್ನೊಂದು ಕಡೆ, ‘ಮ’ದ ಹೊಟ್ಟೆ ಎಲ್ಲೋ!

“ಏನಮ್ಮಿ ಇದು, ಸೊಪ್ಪು ಹೆಚ್ಚಿದಂಗೆ ಹೆಚ್ಚಿಬುಟ್ಟಿದ್ದೀಯಲ್ಲ! ಬುಡು, ನಾನೇ ಬಣ್ಣದಲ್ಲಿ ಬರ್ಕೊಡ್ತೀನಿ,” ಎಂದರು ಯಜಮಾನರು.

ಆ ‘ಬುಡು’ ನನ್ನನ್ನು ಚುಚ್ಚಿತು. “ನೀವು ಸುಮ್ಕಿರಿ,” ಎಂದು ಮತ್ತೆ ಕುಳಿತೆ. ಪರದೆಯಲ್ಲಿ ‘ಕ’ ಅಕ್ಷರವನ್ನು ಬಿಡಿಸಿ ಎಳೆದರೆ ತಲೆಕಟ್ಟು ಮಾತ್ರ ಕಿತ್ತು ಬಂತು. ಆಗ ಅರ್ಥವಾಯಿತು: ಈ ಫಾಂಟಿನ ಒಂದೊಂದು ಅಕ್ಷರವೂ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮಾಡಿದ್ದು, ನಮ್ಮ ಕಣ್ಣಿಗೆ ಒಂದೇ, ಲೇಸರ್‌ಗೆ ಬೇರೆ ಬೇರೆ. ಬೆಸೆಯುವ ದಾರಿ ಹುಡುಕುತ್ತ ಹೋದಾಗ ‘ವೆಲ್ಡ್’ ಎಂಬ ಪದ ಸಿಕ್ಕಿತು. ಉತ್ಸಾಹದಲ್ಲಿ ಸುತ್ತಲಿನ ಚೌಕಟ್ಟನ್ನೂ ಸೇರಿಸಿ ಒತ್ತಿದೆ. ಚಿಕ್ಕತಾಯಮ್ಮನವರು ಮಾಯವಾಗಿ ಬರೀ ಚೌಕ ಉಳಿಯಿತು. ಅದನ್ನು ರದ್ದುಮಾಡಿ, ಒಂದೊಂದೇ ಅಕ್ಷರ ಬೆಸೆದು ಕತ್ತರಿಸಿದೆ. ಈ ಸಲ ಅಕ್ಷರಗಳು ಇಡಿಯಾಗಿ ಎದ್ದುಬಂದವು. ಯಜಮಾನರು ‘ಮ್ಮ’ವನ್ನು ಬೆಳಕಿಗೆ ಹಿಡಿದು, “ನನ್ನ ಕೈಬರಹಕ್ಕಿಂತ ಚೆಂದಾಗೈತೆ ಕಣಮ್ಮಿ,” ಎಂದರು. ಯಾರ ಅಕ್ಷರವನ್ನೂ ಮೆಚ್ಚದ ಮನುಷ್ಯ ಅವರು!

ಮರುದಿನ ಬಾಗಿಲ ಮೇಲೆ ಕೂರಿಸಿದ ಹೆಸರನ್ನು ಜಯಮ್ಮ ಸೆರಗಿನಿಂದ ಒರೆಸಿ, ಕಣ್ಣೂ ಒರೆಸಿಕೊಂಡರು. “ಶಿವಣ್ಣಾರೇ, ಸಂದಾಕ್ ಮಾಡಿದ್ದೀರಿ ಕಣ್ರೀ!”

“ನಾನಲ್ಲ ಕಣವ್ವ, ಎಲ್ಲಾ ಇವಳ್ದೇ,” ಎಂದರು ಇವರು.

ಎಲ್ಲರೂ ನನ್ನತ್ತ ತಿರುಗಿದರು. “ಅಯ್ಯೋ, ಅದೇನ್ ಮಹಾ ಬುಡಿ,” ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ವಿನಯ ಅದು. ಊಟಕ್ಕೆ ಕೂತಾಗ ಪಕ್ಕದವರು “ಎಂಗ್ ಮಾಡುದ್ರಿ?” ಎಂದು ಕೇಳಿದ್ದೇ ತಪ್ಪಾಯಿತು. ತಲೆಕಟ್ಟಿನಿಂದ ಶುರುಮಾಡಿದವಳು ವೆಲ್ಡಿಗೆ ಬರುವಷ್ಟರಲ್ಲಿ, ಕೇಳಿದವರು ಪಾಯಸ ಮುಗಿಸಿ ಎದ್ದು ಹೋಗಿದ್ದರು.