ತುಳಸಾಳ ನವಿಲಿನ ಎರಡನೆಯ ಕಾಲು

ಆ ಭಾನುವಾರ ಬೆಳಿಗ್ಗೆ ದುರ್ಗಾ ತನ್ನ ಗಂಡನಿಗೆ ಉಪಕಾರ ಮಾಡಲು ಹೋಗದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಮನೋಹರ ತಾನು ಕಸೂತಿ ಹೊಲಿದು ಮುಗಿಸಿದ ಲಿನನ್ ಬಟ್ಟೆಗೆ ನೀರು ಚಿಮುಕಿಸಿ, ಬಿಗಿಯಲು ಹಾಕಿದ್ದ ರಿಂಗಿನ ಗುರುತು ಹೋಗಲೆಂದು ಊಟದ ಮೇಜಿನ ಮೇಲೆ ಹರವಿ ಸ್ನಾನಕ್ಕೆ ಹೋಗಿದ್ದ. ದುರ್ಗಾಳಿಗೆ ಅದೇ ಮೇಜಿನ ಮೇಲೆ ನಾಷ್ಟಾಕ್ಕೆ ಚುರುಮುರಿ ಸುಸಲಾ ಇಡಬೇಕಿತ್ತು. ನೆರಳಲ್ಲಿ ಇದು ಯಾವಾಗ ಒಣಗಬೇಕು ಎಂದುಕೊಂಡು ಬಟ್ಟೆಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತಾರಸಿಯ ಮೇಲೆ ಹಾಸಿ ಬಂದಳು. ತಾರಸಿಯ ಮೇಲೆ ಶರಣಮ್ಮ ಟೀಚರು ಸಂಡಿಗೆ ಇಡುತ್ತಿದ್ದರು.

ಶರಣಮ್ಮ ಕಲಬುರಗಿಯ ಶಾಲೆಯಿಂದ ನಿವೃತ್ತರಾಗಿ, ಸದಾಶಿವ ಪೇಠದ ಈ ಕಟ್ಟಡಕ್ಕೆ ಮಗಳ ಮನೆಗೆಂದು ಬಂದವರು. ಅವರು ಶಾಲೆ ಬಿಟ್ಟಿದ್ದರೂ ತಿದ್ದುವುದನ್ನು ಬಿಟ್ಟಿರಲಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತ ಓದುವ ಮೊದಲು ಕೆಂಪು ಪೆನ್ನು ಹುಡುಕುತ್ತಿದ್ದರು. ಕೆಳಗಿನ ಕಿರಾಣಿ ಅಂಗಡಿಯ ಬೋರ್ಡಿನಲ್ಲಿದ್ದ ಮರಾಠಿ ತಪ್ಪನ್ನು, ತಮಗೆ ಮರಾಠಿ ಸರಿಯಾಗಿ ಬರುವ ಮೊದಲೇ ಸರಿಪಡಿಸಿದ್ದರು.

ಮನೋಹರ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಟೀಚರು ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಮನೋಹರಾ, ಈ ನವಿಲಿಗೆ ಒಂದ ಕಾಲು ಯಾಕದ?"

ಮನೋಹರ ಬಟ್ಟೆಯನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡು, ರೇಷ್ಮೆಯ ಬಣ್ಣ ಎಲ್ಲೂ ಹರಡಿಲ್ಲವೆಂದು ನೋಡಿಕೊಂಡ ಮೇಲೆಯೇ ಉತ್ತರ ಕೊಟ್ಟ.

"ಅದು ಹಂಗ ಇರಬೇಕ್ರಿ ಟೀಚರ್. ಅಸಲಿ ಬಟ್ಟಿ ಮ್ಯಾಲೂ ಒಂದ ಕಾಲದ."

ಅಸಲಿ ಬಟ್ಟೆಯನ್ನು ಹೊಲಿದವಳು ತುಳಸಾ ಎಂಬ ಹುಡುಗಿ. ಶತಮಾನಕ್ಕೂ ಹಿಂದೆ ಧಾರವಾಡದ ಯಾವುದೋ ಶಾಲೆಯಲ್ಲಿ ಹೊಲಿಗೆ ಕಲಿಯುತ್ತ, ಕೈ ಕುದುರಲೆಂದು ಒಂದೇ ಬಟ್ಟೆಯ ಮೇಲೆ ಅ ಆ ಇ ಈ, ಗೋಪುರ, ತುಳಸಿಕಟ್ಟೆ, ನವಿಲು ಎಲ್ಲ ಹೊಲಿದು, ಕೊನೆಗೆ ತನ್ನ ಹೆಸರನ್ನೂ ಹೊಲಿದಿದ್ದಳು. ಆ ಮಾದರಿ ಬಟ್ಟೆ ಹೇಗೋ ಪುಣೆಯ ಒಂದು ಸಂಗ್ರಹಕ್ಕೆ ಬಂದು ಸೇರಿತ್ತು. ಹಳೆಯ ಹೊಲಿಗೆಯನ್ನು ಇದ್ದದ್ದಿದ್ದಂತೆ ಮತ್ತೆ ಹೊಲಿಯುವ ಹೆಂಗಸರ ಮಂಡಳಿಯೊಂದು ಅದರ ದೊಡ್ಡ ಫೋಟೋ ತೆಗೆಸಿ ಸದಸ್ಯರಿಗೆಲ್ಲ ಹಂಚಿತ್ತು. ಆ ಮಂಡಳಿಯ ಏಕೈಕ ಗಂಡಸು ಮನೋಹರ.

ಅವನು ಮಾರ್ಕೆಟ್ ಯಾರ್ಡಿನ ಲಾರಿ ಆಫೀಸಿನಲ್ಲಿ ಗುಮಾಸ್ತ. ದಿನವಿಡೀ ಡ್ರೈವರುಗಳ ಕೂಗು, ಫೋನಿನ ಕಿರಿಕಿರಿ. ರಕ್ತದೊತ್ತಡ ಏರಿದಾಗ ಡಾಕ್ಟರು, ಸುಮ್ಮನೆ ಕೂತು ಮಾಡುವಂಥದ್ದು ಏನಾದರೂ ಹಿಡಿಯಿರಿ ಎಂದಿದ್ದರು. ಮನೋಹರ ಸೂಜಿ ಹಿಡಿದ. ಲಿನನ್ನಿನ ಎಳೆ ಎಣಿಸುತ್ತ, ಒಂದೆಳೆ ರೇಷ್ಮೆ ಪೋಣಿಸಿ ಕೂತರೆ ಅವನಿಗೆ ಲಾರಿ, ಡ್ರೈವರು, ಮಾಲೀಕ ಯಾರೂ ನೆನಪಾಗುತ್ತಿರಲಿಲ್ಲ. ನೆನಪಾಗುತ್ತಿದ್ದವಳು ತುಳಸಾ ಒಬ್ಬಳೇ. ನವಿಲಿನ ಒಂದು ಕಾಲು ಹೊಲಿದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿರಬೇಕು, ಹುಡುಗಿ ಸೂಜಿ ಚುಚ್ಚಿಟ್ಟು ಕುಂಟಾಟಕ್ಕೆ ಓಡಿರಬೇಕು ಎಂದು ಅವನು ತನ್ನಷ್ಟಕ್ಕೆ ಒಂದು ಕತೆ ಕಟ್ಟಿಕೊಂಡಿದ್ದ. ಆ ಬಿಟ್ಟುಹೋದ ಕಾಲಿನ ಮೇಲೆ ಅವನಿಗೆ ಉಳಿದೆಲ್ಲ ಹೊಲಿಗೆಗಿಂತ ಹೆಚ್ಚು ಪ್ರೀತಿ.

ಆ ದಿನ ಸಂಜೆ ಮಂಡಳಿಯ ಪ್ರದರ್ಶನವಿತ್ತು. ಅಸಲಿಗೆ ಎಲ್ಲಕ್ಕಿಂತ ಹತ್ತಿರವಾದ ಪ್ರತಿಯನ್ನು ಆರಿಸಿ, ತುಳಸಾಳ ಬಟ್ಟೆಯ ಪಕ್ಕದಲ್ಲೇ, ಅದೇ ಗಾಜಿನ ಪೆಟ್ಟಿಗೆಯಲ್ಲಿ ಹೊಲಿದವರ ಹೆಸರಿನ ಜೊತೆ ಇಡುವವರಿದ್ದರು. ತುಳಸಾಳ ಹೆಸರಿನ ಪಕ್ಕ ತನ್ನ ಹೆಸರು! ಮನೋಹರ ಇದನ್ನು ದುರ್ಗಾಳಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಅವಳಿಗೆ ಗೊತ್ತಿತ್ತು.

"ಅಸಲಿಯಾಕಿ ತಪ್ಪು ಮಾಡಿದ್ರ ನೀನೂ ತಪ್ಪು ಮಾಡಬೇಕೇನು?" ಶರಣಮ್ಮ ಬಿಡಲಿಲ್ಲ. "ನನ್ನ ಕ್ಲಾಸಿನ್ಯಾಗ ಬಾಜೂದವನ ತಪ್ಪು ನೋಡಿ ಬರದವರಿಗೆ ಎರಡು ಏಟು ಜಾಸ್ತಿ ಇರ್ತಿತ್ತು."

"ಇದು ಪರೀಕ್ಷಾ ಅಲ್ರಿ ಟೀಚರ್."

"ಎಲ್ಲಾನೂ ಪರೀಕ್ಷಾನ" ಎಂದು ಹೇಳಿ ಶರಣಮ್ಮ ಸಂಡಿಗೆಯ ಹಿಟ್ಟು ಮೆತ್ತಿದ ಕೈ ಬೀಸುತ್ತ ಹೋದರು. ಮಾತು ಅಲ್ಲಿಗೆ ಮುಗಿಯಿತೆಂದು ಮನೋಹರ ತಿಳಿದ.

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ದತ್ತು ಬಂದ. ಅವನು ಸೊಲ್ಲಾಪುರದವನು. ಅರ್ಧ ಮರಾಠಿ, ಅರ್ಧ ಕನ್ನಡ, ಉಳಿದದ್ದು ಕೈಸನ್ನೆ. ನೀರಿನ ಟ್ಯಾಂಕರಿನ ವಿಷಯ ಹೇಳಲು ಬಂದವನು ಬಟ್ಟೆ ಕಂಡು ಟ್ಯಾಂಕರನ್ನು ಮರೆತುಬಿಟ್ಟ.

"ಅರೆ ವಾ, ಮನೋಹರರಾವ್! ಏಕ್ ನಂಬರ್! ಗ್ರೂಪಿಗೆ ಹಾಕ್ತೀನಿ ನೋಡ್ರಿ."

ಬೇಡವೆನ್ನುವ ಮೊದಲೇ ಫೋಟೋ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿತ್ತು. ಮೊದಲು ಕೈಮುಗಿಯುವ ಚಿತ್ರಗಳು ಬಂದವು. ಆಮೇಲೆ ಒಬ್ಬರು, ನವಿಲಿನ ಇನ್ನೊಂದು ಕಾಲು ಎಲ್ಲಿ ಎಂದು ಕೇಳಿದರು. ಇನ್ನೊಬ್ಬರು, ಅದು ಯೋಗಾಸನ ಮಾಡುತ್ತಿದೆ ಎಂದರು. ಮತ್ತೊಬ್ಬರು, ಅದು ಕೊಕ್ಕರೆ ಇರಬೇಕು ಎಂದರು. ಮೂರನೆಯ ಮಹಡಿಯಲ್ಲಿ ಕೂತು ಇದನ್ನೆಲ್ಲ ಓದುತ್ತಿದ್ದ ಶರಣಮ್ಮನವರಿಗೆ ಇದು ಒಬ್ಬ ಮನೋಹರನ ಮಾತಾಗಿ ಉಳಿಯಲಿಲ್ಲ. ಕನ್ನಡದವರ ನವಿಲನ್ನು ಊರೆಲ್ಲ ಕೊಕ್ಕರೆ ಎನ್ನುವುದೆಂದರೇನು?

ಇದರ ಸುಳಿವಿಲ್ಲದೆ ಮನೋಹರ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಇದನ್ನು ಮುಟ್ಟಬೇಡವೆಂದು ದುರ್ಗಾಳಿಂದ ಆಣೆ ಮಾಡಿಸಿಕೊಂಡು, ಚೌಕಟ್ಟು ತರಲು ಲಕ್ಷ್ಮೀ ರಸ್ತೆಗೆ ಹೋದ. ಅವನು ತಲುಪುವ ಹೊತ್ತಿಗೆ ಅಂಗಡಿಯ ಶಟರು ಅರ್ಧ ಇಳಿದಿತ್ತು. ಮಾಲೀಕರು ಮಧ್ಯಾಹ್ನದ ನಿದ್ದೆಗೆ ಹೊರಟಿದ್ದರು. ಪುಣೆಯಲ್ಲಿ ಆ ಹೊತ್ತಿಗೆ ಬಾಗಿಲು ತೆಗೆಸುವುದು ಸಮಾಧಿಯಲ್ಲಿದ್ದ ಋಷಿಯನ್ನು ಎಬ್ಬಿಸಿದ ಹಾಗೆ. "ಸಂಧ್ಯಾಕಾಳೀ ಯಾ", ಸಂಜೆ ಬನ್ನಿ ಎಂದು ಅವರು, ಸಂಜೆಗೇ ಪ್ರದರ್ಶನ ಎಂದು ಇವನು. ಕೊನೆಗೆ ಶಟರಿನ ಕೆಳಗಿನಿಂದ ಒಂದು ಚೌಕಟ್ಟು ಹೊರಬಂತು, ಗಾಜಿಲ್ಲದೆ.

ಮನೆಗೆ ಬಂದರೆ ದುರ್ಗಾಳ ಮುಖ ಸೋತುಹೋಗಿತ್ತು. "ನಾ ಮುಟ್ಟಿಲ್ರಿ" ಎಂದಳು ಮೊದಲಿಗೇ. "ಟೀಚರ್ ಬಂದು, ಬೆಳಕಿನ್ಯಾಗ ಒಂದ್ಸಲ ನೋಡಿ ಕೊಡ್ತೀನಿ ಅಂದ್ರು. ಹಿರ್ಯಾರಿಗೆ ಹೆಂಗ ಇಲ್ಲ ಅನ್ಲಿ?"

ಮನೋಹರ ಬಟ್ಟೆ ನೋಡಿದ. ಅ ಆ ಇ ಈ ಸರಿ ಇತ್ತು. ಗೋಪುರ ಸರಿ ಇತ್ತು. ನವಿಲು ಎರಡು ಕಾಲಿನ ಮೇಲೆ ನಿಂತಿತ್ತು.

ಒಂದು ಕಾಲು ಕೂದಲೆಳೆಯಂಥ ಕೆಂಪು ರೇಷ್ಮೆಯದು, ಗವಂತಿ ಹೊಲಿಗೆಯಲ್ಲಿ ಹಿಂದೆ ಮುಂದೆ ಒಂದೇ ಸಮ ಕಾಣುವಂಥದ್ದು. ಇನ್ನೊಂದು, ಕೋಟಿಗೆ ಗುಂಡಿ ಹಚ್ಚುವ ಕಪ್ಪು ದಾರದ್ದು. ನವಿಲು ಒಂದು ಕಾಲಿಗೆ ಗಮ್‌ಬೂಟು ಹಾಕಿಕೊಂಡಂತಿತ್ತು.

"ಥ್ಯಾಂಕ್ಸ್ ಏನೂ ಬ್ಯಾಡ" ಎಂಬ ದನಿ ಹಿಂದಿನಿಂದ ಬಂತು. ಶರಣಮ್ಮ ಇಳಕಲ್ ಸೀರೆ ಉಟ್ಟು ತಯಾರಾಗಿ ನಿಂತಿದ್ದರು. "ಕಪ್ಪು ದಾರ ಬೇಕಂತನ ಹಾಕೀನಿ. ದೃಷ್ಟಿ ಆಗಂಗಿಲ್ಲ. ನಡೀರಿ, ನಾನೂ ಬರ್ತೀನಿ."

ಮನೋಹರ ಬಾಯಿ ತೆರೆದ. ಕಳೆದ ವರ್ಷ ದುರ್ಗಾ ಕಾಲು ಮುರಿದುಕೊಂಡಾಗ ತಿಂಗಳುಗಟ್ಟಲೆ ಜೋಳದ ಭಕ್ಕರಿ ಬಡಿದು ತಂದುಕೊಟ್ಟವರು ಇದೇ ಶರಣಮ್ಮ. ತೆರೆದ ಬಾಯಿಯಿಂದ "ಭಾಳ ಚಲೋ ಆಗ್ಯದ್ರಿ" ಎಂಬ ಮಾತು ಹೊರಬಂತು.

ಕೆಳಗೆ ದತ್ತು ರಿಕ್ಷಾ ತಂದು ನಿಲ್ಲಿಸಿದ್ದ. ಕಾಲನ್ನು ಬಿಚ್ಚಬೇಕು, ಟೀಚರಿಗೆ ಕಾಣದಂತೆ ಬಿಚ್ಚಬೇಕು, ಈಗಲೇ ಬಿಚ್ಚಬೇಕು. ಮನೋಹರ ಹೊಟ್ಟೆ ಹಿಡಿದುಕೊಂಡು ಕೂಗಿದ: "ಅಯ್ಯಪ್ಪ! ಹೊಟ್ಟಿ!" ಬಟ್ಟೆಯನ್ನು ಅಂಗಿಯೊಳಗೆ ತುರುಕಿಕೊಂಡು ಬಚ್ಚಲಿಗೆ ನುಗ್ಗಿ ಅಗಳಿ ಹಾಕಿದ.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಅವನು ಕಪ್ಪು ದಾರವನ್ನು ಒಂದೊಂದೇ ಹೊಲಿಗೆಯಾಗಿ ಕತ್ತರಿಸತೊಡಗಿದ. ಟೀಚರು ಹೊಲಿದದ್ದು ಗಟ್ಟಿಯಾಗಿತ್ತು. ಭೂಕಂಪವಾದರೂ ಆ ಕಾಲು ಅಲುಗುತ್ತಿರಲಿಲ್ಲ.

"ಬಿಸಿನೀರಿಗೆ ಓಂಕಾಳು ಹಾಕಿ ತರಲೇನು?" ಹೊರಗೆ ಶರಣಮ್ಮ.

"ಬ್ಯಾಡ್ರಿ!"

"ರಾತ್ರಿ ಏನ್ ತಿಂದಿದ್ದ ಅವ?"

"ಬದನಿಕಾಯಿ" ಎಂದಳು ದುರ್ಗಾ. ಒಳಗೆ ನಡೆಯುತ್ತಿರುವುದೇನೆಂದು ಅವಳಿಗೆ ಹೊಳೆದಿತ್ತು.

"ಬದನಿಕಾಯಿಗೆ ಹಿಂಗ ಆಗಂಗಿಲ್ಲ. ದತ್ತು, ಬಾಗಿಲಾ ಒಡೀಬೇಕಾಗ್ತದೇನೋ ನೋಡಪ್ಪಾ."

"ಮನೋಹರರಾವ್, ರಿಕ್ಷಾವಾಲಾ ಓರಡತೋಯ್! ಭಾಳ ಕೂಗಾಡ್ಲಿಕತ್ತಾನ್ರಿ!"

ಕೊನೆಯ ಎಳೆ ಹೊರಬಂತು. ಬಟ್ಟೆಯ ಮೇಲೆ ಕಾಲಿರಲಿಲ್ಲ, ಆದರೆ ತೂತುಗಳಿದ್ದವು. ಟೀಚರ ದಪ್ಪ ಸೂಜಿ ನಡೆದ ದಾರಿಯುದ್ದಕ್ಕೂ ಇರುವೆಗಳ ಸಾಲಿನಂತೆ ತೂತು. ಮನೋಹರ ಬೆರಳು ಒದ್ದೆ ಮಾಡಿ ಉಜ್ಜಿದ, ಉಗುರಿನಿಂದ ಎಳೆ ಸರಿಸಿದ. ಅಷ್ಟರಲ್ಲಿ ದತ್ತು ನಿಜವಾಗಿಯೂ ಬಾಗಿಲಿಗೆ ಹೆಗಲು ಕೊಟ್ಟ. ಬಟ್ಟೆಯನ್ನು ಮತ್ತೆ ಅಂಗಿಯೊಳಗೆ ತುರುಕಿ ಹೊರಬಂದು, ಎಲ್ಲರಿಗೂ ಬೆನ್ನು ಮಾಡಿ ಅದನ್ನು ಹಾಗೆಯೇ ಚೌಕಟ್ಟಿಗೆ ಸಿಕ್ಕಿಸಿ, ದಿಂಬಿನ ಚೀಲದಲ್ಲಿ ಹಾಕಿಕೊಂಡು ಮನೋಹರ ರಿಕ್ಷಾ ಹತ್ತಿದ. ದಾರಿಯುದ್ದಕ್ಕೂ ಚೀಲದ ಬಾಯಿ ಬಿಡಲಿಲ್ಲ.

ಪ್ರದರ್ಶನದ ಹಾಲಿನಲ್ಲಿ ತುಳಸಾಳ ಬಟ್ಟೆ ಗಾಜಿನ ಪೆಟ್ಟಿಗೆಯಲ್ಲಿ, ಸದಸ್ಯರ ಪ್ರತಿಗಳು ಗೋಡೆಯ ಮೇಲೆ. ಎಲ್ಲ ನವಿಲುಗಳೂ ಒಂದೇ ಕಾಲಿನ ಮೇಲೆ ನಿಂತಿದ್ದವು. ಮನೋಹರ ತನ್ನ ಚೌಕಟ್ಟನ್ನು ತೂಗುಹಾಕಿ ಅದರ ಮುಂದೆಯೇ ಅಡ್ಡವಾಗಿ ನಿಂತ. ಶರಣಮ್ಮ ಅವನ ಹೆಗಲ ಮೇಲಿಂದ ಇಣುಕಿದರು.

"ಮನೋಹರಾ! ಕಾಲೆಲ್ಲಿ?"

"ಏನೋ ಗೊತ್ತಿಲ್ರಿ... ರಿಕ್ಷಾದಾಗ ಉದುರಿತೇನೋ."

"ನಾ ಹೊಲದದ್ದು ಉದುರತದ?" ಶರಣಮ್ಮನವರ ಮುಖ ಸಣ್ಣದಾಯಿತು. ಅವರು ನೆಲ ನೋಡಿದರು, ದಿಂಬಿನ ಚೀಲ ಕೊಡವಿ ನೋಡಿದರು, ಹೋಗಿ ಕುರ್ಚಿಯ ಮೇಲೆ ಕೂತರು. ಮನೋಹರ ಕ್ಷಮೆ ಕೇಳೋಣವೆಂದು ಎರಡು ಹೆಜ್ಜೆ ಇಟ್ಟನೋ ಇಲ್ಲವೋ, ತೀರ್ಪುಗಾರ್ತಿ ಬಂದೇಬಿಟ್ಟಳು.

ಅವಳ ಹೆಸರು ನಿಖಿತಾ. ಬೆಂಗಳೂರಿನವಳು, ಹಳೆಯ ಬಟ್ಟೆಗಳನ್ನು ಕಾಪಾಡುವುದರಲ್ಲಿ ಪಳಗಿದವಳು. ಭೂತಗನ್ನಡಿ ಹಿಡಿದು ಒಂದೊಂದೇ ಪ್ರತಿ ನೋಡುತ್ತ ಬಂದವಳು ಮನೋಹರನ ನವಿಲಿನ ಮುಂದೆ ನಿಂತಳು. ಬಗ್ಗಿದಳು. ಇನ್ನೂ ಬಗ್ಗಿದಳು.

"ಸರ್, ಇಲ್ಲಿ ತೂತುಗಳಿವೆ."

"ಅದು... ಏನಾತಂದ್ರ ಮೇಡಂ..."

"ಅಮೇಜಿಂಗ್!" ಎಂದಳು ನಿಖಿತಾ. "ಬೇರೆ ಯಾರೂ ಇದನ್ನ ನೋಡೇ ಇಲ್ಲ. ಎಲ್ರೂ ನವಿಲಿಗೆ ಒಂದೇ ಕಾಲು ಅಂದ್ಕೊಂಡ್ರು. ಒರಿಜಿನಲ್‌ನಲ್ಲಿ ಎರಡು ಕಾಲಿತ್ತು ಸರ್. ಎರಡನೇದನ್ನ ಕಪ್ಪು ರೇಷ್ಮೇಲಿ ಹೊಲಿದಿದ್ಲು. ಆಗಿನ ಕಪ್ಪು ಬಣ್ಣಕ್ಕೆ ಕಬ್ಬಿಣ ಸೇರಿಸ್ತಿದ್ರು, ಅದು ನಿಧಾನವಾಗಿ ರೇಷ್ಮೇನೆಲ್ಲ ತಿಂದು ಉದುರಿಸಿಬಿಡತ್ತೆ. ಈಗ ಉಳಿದಿರೋದು ಸೂಜಿ ತೂತುಗಳು ಮಾತ್ರ. ಫೋಟೋದಲ್ಲಿ ಅವು ಕಾಣಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಮನೋಹರ ಗಾಜಿನ ಪೆಟ್ಟಿಗೆಯತ್ತ ತಿರುಗಿದ. ಹಾಗಾದರೆ ತುಳಸಾ ಗಂಟೆ ಬಾರಿಸಿದಾಗ ಓಡಿಹೋಗಿರಲಿಲ್ಲ. ಕೂತು, ಎಳೆ ಎಣಿಸಿ, ಕೆಲಸ ಪೂರ್ತಿ ಮುಗಿಸಿಯೇ ಎದ್ದಿದ್ದಳು. ಇಷ್ಟು ದಿನ ಅವಳನ್ನು ಅರ್ಧಕ್ಕೆ ಬಿಟ್ಟುಹೋದ ತುಂಟಿ ಎಂದುಕೊಂಡದ್ದಕ್ಕೆ ಅವನಿಗೆ ಆ ಹುಡುಗಿಯ ಮುಂದೆ ನಾಚಿಕೆಯಾಯಿತು. ಆದರೆ ಸುತ್ತ ಹೆಂಗಸರೆಲ್ಲ ಅವನನ್ನೇ ಮೆಚ್ಚುಗೆಯಿಂದ ನೋಡುತ್ತಿದ್ದರು, ದುರ್ಗಾ ಕೂಡ. ನಾಚಿಕೆ ಬಹಳ ಹೊತ್ತು ನಿಲ್ಲಲಿಲ್ಲ.

"ಅದೇನದರಿ ಮೇಡಂ," ಅವನು ಗಂಟಲು ಸರಿಮಾಡಿಕೊಂಡ, "ಭಾಳ ದಿನಾ ವಿಚಾರ ಮಾಡಿದೆ. ಇಲ್ಲೇ ಏನೋ ಇರಬೇಕು ಅಂತ ಅನಸ್ತು. ಅದಕ್ಕ ತೂತಷ್ಟ ಹಾಕಿ..."

"ಸುಳ್ಳು!"

ಶರಣಮ್ಮ ಎದ್ದು ನಿಂತಿದ್ದರು. ಅವರ ಕ್ಲಾಸಿನಲ್ಲಿ ಆ ದನಿಗೆ ಹಿಂದಿನ ಬೆಂಚಿನವರೂ ತಲೆ ತಗ್ಗಿಸುತ್ತಿದ್ದಿರಬೇಕು. "ಆ ತೂತು ನನ್ನವು! ಕಾಲೂ ನಂದು! ಕಪ್ಪು ದಾರದ ಕಾಲು! ಇವನೇ ಬಿಚ್ಚಿ ಒಗದಾನ. ಹೊಟ್ಟಿನೋವಂತ, ಬದನಿಕಾಯಂತ!"

"ನಾ ಗ್ರೂಪ್‌ವರ್ ಫೋಟೋ ಹಾಕೀನ್ರಿ" ಎಂದು ದತ್ತು ಮೊಬೈಲು ಮುಂದೆ ಹಿಡಿದ. ಗಮ್‌ಬೂಟು ತೊಟ್ಟ ನವಿಲು ಅಲ್ಲಿತ್ತು. ಅದನ್ನು ಅವನು ಯಾವಾಗ ತೆಗೆದನೋ ದೇವರಿಗೇ ಗೊತ್ತು. ಶರಣಮ್ಮ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಒಂದು ತೂತಿಗೆ ಹಿಡಿದರು. ಬೀಗಕ್ಕೆ ಕೀಲಿಕೈ ಕೂಡಿದ ಹಾಗೆ ಕೂತಿತು.

ನಿಖಿತಾ ಮನೋಹರನನ್ನು ಬಿಟ್ಟು ಅವರತ್ತ ತಿರುಗಿದಳು. "ಅಮ್ಮಾ, ಕಪ್ಪು ದಾರ ಅಂತ ನಿಮಗೆ ಯಾರು ಹೇಳಿದ್ರು?"

"ಯಾರ್ ಹೇಳಬೇಕವಾ? ನವಿಲು ನಿಂತದ ಅಂದಮ್ಯಾಲ ಎರಡು ಕಾಲಿರಬೇಕು. ಮನ್ಯಾಗ ಕಪ್ಪು ದಾರ ಇತ್ತು."

ತುಳಸಾ ಹೊಲಿದದ್ದನ್ನೇ ಹೊಲಿದವರು ಇವರೊಬ್ಬರೇ ಎಂದು ನಿಖಿತಾ ತೀರ್ಪು ಕೊಟ್ಟಳು, ಹೆಂಗಸರು ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಮನೋಹರನ ಚೌಕಟ್ಟು ತುಳಸಾಳ ಬಟ್ಟೆಯ ಪಕ್ಕ, ಗಾಜಿನ ಪೆಟ್ಟಿಗೆಯೊಳಗೆ ಹೋಗಿ ಕೂತಿತು. ಅದರ ಕೆಳಗೆ ಹೆಸರಿನ ಚೀಟಿ ಅಂಟಿಸಿದರು. 'ಪ್ರತಿಕೃತಿ: ಶರಣಮ್ಮ ಬಿರಾದಾರ.' ಅದರ ಕೆಳಗೆ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ, 'ಸಹಾಯ: ಮನೋಹರ.' ಅದರಲ್ಲಿ 'ಸಹಾಯ'ದ ಕಾಗುಣಿತ ಸರಿ ಇದೆಯೇ ಎಂದು ಶರಣಮ್ಮ ಎರಡು ಸಲ ನೋಡಿದರು.

ಹೊರಡುವಾಗ ನಿಖಿತಾ ಓಡಿಬಂದಳು. ಸಂಗ್ರಹದಲ್ಲಿ ಇದಕ್ಕಿಂತ ದೊಡ್ಡದೊಂದು ಮಾದರಿ ಬಟ್ಟೆ ಇದೆಯಂತೆ, ಅರ್ಧಕ್ಕರ್ಧ ಉದುರಿಹೋಗಿದೆಯಂತೆ. ಅದನ್ನು ಶರಣಮ್ಮನವರ ಮುಂದಾಳತ್ವದಲ್ಲೇ ಮಾಡಬೇಕೆಂದು ಮಂಡಳಿಯವರ ಆಸೆ. ಶರಣಮ್ಮ ಆಗಲಿ ಎಂದರು. ಸ್ಥಳ ಯಾವುದೆಂದು ಕೇಳಿದಾಗ, ಮನೋಹರನ ಊಟದ ಮೇಜು ವಿಶಾಲವಾಗಿದೆ ಎಂದರು.

ರಿಕ್ಷಾದಲ್ಲಿ ಕೂತ ಮೇಲೆ ಅವರ ಸಿಟ್ಟೆಲ್ಲ ಇಳಿದಿತ್ತು. ಮನೋಹರನ ಮೊಣಕಾಲಿನ ಮೇಲೆ ಅಕ್ಕರೆಯಿಂದ ತಟ್ಟಿದರು.

"ಬರೋ ರವಿವಾರ ಲಗೂನ ಎದ್ದು ಸೂಜಿಗೆಲ್ಲಾ ದಾರ ಪೋಣಿಸಿ ಇಡಪ್ಪಾ. ಅಷ್ಟು ಸಣ್ಣದು ನನಗ ಕಣ್ಣಿಗೆ ಕಾಣಂಗಿಲ್ಲ."