ಅಜ್ಜನ ಕಣ್ಣು, ನನ್ನ ಪಥ್ಯ

ಊಟದ ಬಗ್ಗೆ ಓದಿ ಬಂದವರ ಮಾತು ಅವರ ಮನೆಯ ಅಡುಗೆಮನೆಯಲ್ಲಿ ನಡೆಯುವುದಿಲ್ಲ ಎಂಬುದು ನನಗೆ ವಾರಕ್ಕೊಮ್ಮೆಯಾದರೂ ಗೊತ್ತಾಗುತ್ತಲೇ ಇರುತ್ತದೆ. ಅಥಣಿಯ ಒಂದು ದವಾಖಾನೆಯಲ್ಲಿ, ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವುದು ನನ್ನ ಕೆಲಸ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಹೇಳಬೇಕಾದದ್ದು ಕನ್ನಡದಲ್ಲಿ; ದನಿ ಮಾತ್ರ ಯಾವ ಭಾಷೆಯಲ್ಲೂ ಹೊರಡುವುದಿಲ್ಲ.

ಮನೆ ಶಿರಗುಪ್ಪಿಯಲ್ಲಿ. ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಕ್ತದ ಸಕ್ಕರೆ ಇಳಿಯದೆ ಆಪರೇಷನ್ ಇಲ್ಲ ಎಂದು ಮಿರಜಿನ ಡಾಕ್ಟರು ತಿರುಗಿ ಕಳಿಸಿದ್ದರು. ಅಜ್ಜನಿಗೆ ಅವಸರ. ಇಡೀ ಓಣಿಗೆ ಸಂತೆಯಲ್ಲಿ ಎಮ್ಮೆ ಆರಿಸಿಕೊಡುತ್ತಿದ್ದವರು ಅವರು. ಈಗ ಸಂತೆಗೆ ಹೊರಟವರು ನಮ್ಮ ಮನೆ ಮುಂದೆ ಮಾತು ನಿಲ್ಲಿಸಿ ಸರಸರ ದಾಟಿಬಿಡುತ್ತಿದ್ದರು. ಯಾರು ದಾಟಿದರೆಂದು ಅಜ್ಜನಿಗೆ ಹೆಜ್ಜೆ ಸಪ್ಪಳದಿಂದಲೇ ತಿಳಿಯುತ್ತಿತ್ತು.

"ಸಕ್ರಿ ಇಳಸವಾ ತಂಗಿ. ಮನ್ಯಾಗ ಓದಿದಾಕಿ ನೀ ಒಬ್ಬಾಕಿ" ಎಂದು ತಮ್ಮನ್ನೇ ನನಗೆ ಒಪ್ಪಿಸಿದರು.

ಜೋಳ ಯಾರಿಗೆ

ನನ್ನ ಮೊದಲ ಹುಕುಂ, ಜೋಳದ ರೊಟ್ಟಿ. ನಮ್ಮ ಹೊಲದಲ್ಲಿ ಕಬ್ಬು, ಪಕ್ಕದವರದ್ದೂ ಕಬ್ಬು. ನೀರಾವರಿ ಆದ ಮೇಲೆ ಜೋಳ ಬಿತ್ತಿದವರೇ ಇಲ್ಲ. ಮನೆಯಲ್ಲಿ ಹೊತ್ತುಹೊತ್ತಿಗೂ ಚಪಾತಿ, ಅನ್ನ. ಅಪ್ಪನ ತಮ್ಮ, ನಮ್ಮ ಕಾಕಾ, ಅಂಗಡಿಗೆ ಹೋದರೆ ಜೋಳ ಗೋಧಿಗಿಂತ ತುಟ್ಟಿ. ಅಂಗಡಿಯವನು ತೂಗುತ್ತ, "ಮನ್ಯಾಗ ಯಾರಿಗೆ ಆರಾಮಿಲ್ರಿ?" ಎಂದು ಮೆತ್ತಗೆ ಕೇಳಿದನಂತೆ.

ಅಜ್ಜಿಗೆ ನಾವು ಆಯಿ ಅನ್ನುತ್ತೇವೆ. ಅಂಗಡಿಯವನ ಮಾತು ಕೇಳಿ ಆಯಿಗೆ ನಗು ತಡೆಯಲಿಲ್ಲ. "ನಾ ಸಣ್ಣಾಕಿದ್ದಾಗ ಜಡ್ಡು ಬಂದವರಿಗೆ ಅನ್ನ ಮಾಡ್ತಿದ್ರು. ಅನ್ನದ ಆಸೇಕ್ಕ ಹೊಟ್ಟಿ ಹಿಡಕೊಂಡು ನರಳತಿದ್ವಿ. ಇನ್ನ ರೊಟ್ಟಿ ಸಲುವಾಗಿ ನರಳಬೇಕು ನೋಡು."

ಮೂಟೆಯ ಮೇಲಿನ ಉಪದೇಶ

ಅಜ್ಜ ಬೆಳಗಿನ ಚಹಾ ಕುಡಿಯುವುದು ಕೋಲೂರಿಕೊಂಡು ಓಣಿಯ ಮನೆಮನೆಗೆ ಹೋಗಿ. ಧೈರ್ಯ ಮಾಡಿ ಎದುರುಮನೆ ಕಾಕಾನ ಹೆಂಡತಿ ಕಾಕುವಿಗೆ ಹೇಳಲು ಹೋದೆ. ಸಕ್ಕರೆ ಕಾರ್ಖಾನೆಯ ಶೇರು ಇದ್ದವರಿಗೆ ದೀಪಾವಳಿಗೆ ಅಗ್ಗದಲ್ಲಿ ಸಕ್ಕರೆ ಬರುತ್ತದೆ. ಅವರ ಪಡಸಾಲೆಯಲ್ಲಿ ಅದರ ಮೂಟೆಗಳು. ಕುರ್ಚಿಯ ಮೇಲೆ ಒಗೆದ ಬಟ್ಟೆ ಇದ್ದುದರಿಂದ ನಾನು ಮೂಟೆಯ ಮೇಲೆ ಕೂತೆ. ಅಲ್ಲಿಂದಲೇ, ಅಜ್ಜನ ಚಹಾಕ್ಕೆ ಸಕ್ಕರೆ ಹಾಕಬೇಡಿ ಎಂದೆ. ಕಾಕುವಿನ ಮುಖ ಸಣ್ಣದಾಯಿತು. ಮನೆಗೆ ಬಂದವರಿಗೆ ಸಪ್ಪನ ಚಹಾ ಕೊಡುವುದೆಂದರೆ ಹೇಗೆ? ಆದರೂ ಒಪ್ಪಿದರು.

ಮುಂದಿನ ತಪಾಸಣೆಯಲ್ಲಿ ಸಕ್ಕರೆ ಇನ್ನಷ್ಟು ಏರಿತ್ತು. ಮತ್ತೆ ಹೋದೆ, ಮತ್ತೆ ಮೂಟೆಯ ಮೇಲೆ ಕೂತೆ.

"ದೇವರಾಣಿ, ಸಕ್ರಿ ಒಂದು ಕಾಳು ಹಾಕಿಲ್ಲವಾ" ಎಂದರು ಕಾಕು. "ಬೆಲ್ಲ ಹಾಕೀನಿ."

ಹಾಗೆಂದವರು ನನ್ನ ಕೈಗೂ ಒಂದು ಕಪ್ಪು ಇಟ್ಟರು. ಬೇಡ ಎನ್ನಲು ದನಿ ಬರಲಿಲ್ಲ. ಕುಡಿದೆ. ಚಲೋ ಇತ್ತು.

ಕೆಂಪು ಮೀಸೆ

ನಮ್ಮ ಹಿತ್ತಲಲ್ಲಿ ಮೊದಲು ಮೆಂತ್ಯ, ಬದನೆ ಬೆಳೆಯುತ್ತಿದ್ದವು. ಮನೆಮಂದಿ ಹೆಚ್ಚಾದರು; ಬದನೆಯ ಜಾಗದಲ್ಲಿ ಕಾಕಾನ ಕೋಣೆ ಎದ್ದಿತು, ಮೆಂತ್ಯದ ಜಾಗದಲ್ಲಿ ಬೈಕು ನಿಂತಿತು. ಕಾಯಿಪಲ್ಯ ಈಗ ಟೆಂಪೋ ಹತ್ತಿ ಬರಬೇಕು. ಊರೂ ಬೆಳೆದಿದೆ, ಬಸ್‌ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿ ಗಾಡಿಗಳಾಗಿವೆ.

ದಿನಾ ಕಾಯಿಪಲ್ಯ ತಿನ್ನಬೇಕು ಎಂದು ಅಜ್ಜನಿಗೆ ಹೇಳಿದ್ದೆ. ಒಂದು ಸಂಜೆ ಅವರ ಬಿಳಿ ಮೀಸೆ ಕೆಂಪಾಗಿ ಮನೆಗೆ ಬಂತು.

"ನೀನ ಹೇಳಿದ್ಯಲ್ಲವಾ. ಹೂಕೋಸು ಕಾಯಿಪಲ್ಯ ಅಲ್ಲೇನು?"

ಕಣ್ಣು ಕಾಣದವರಿಗೆ ಗಾಡಿ ಹೇಗೆ ಸಿಕ್ಕಿತು ಎಂದು ಆಯಿ ಕೇಳಿದಳು. ವಾಸನೆ ಹಿಡಿದು ಹೋದೆ ಎಂದರು ಅಜ್ಜ, ಎಮ್ಮೆ ಆರಿಸಿದಷ್ಟೇ ಹೆಮ್ಮೆಯಿಂದ.

ಹೊಸ ಕಣ್ಣು

ಅಂದೇ ಆಯಿ ನನ್ನನ್ನು ಪಥ್ಯದ ಕೆಲಸದಿಂದ ತೆಗೆದಳು. "ನೀ ಹೇಳೂದು ಬಿಡು. ನಾ ಹಾಕ್ತೀನಿ, ಅವರು ತಿಂತಾರ."

ಮರುದಿನವೇ ಅಜ್ಜನ ಕೋಲು ಕಾಣೆಯಾಯಿತು. ಅದು ಹಿಟ್ಟಿನ ಡಬ್ಬಿಯ ಹಿಂದೆ ಇರುವುದು ನನಗೆ ಗೊತ್ತಿತ್ತು. ಕೇಳಿದರೂ ಹೇಳಲು ನನಗೆ ದನಿ ಬೇಕಲ್ಲ. ಓಣಿಯ ಚಹಾ, ಸ್ಟ್ಯಾಂಡಿನ ಮಂಚೂರಿ ಎರಡೂ ನಿಂತವು. ತಾಟಿನಲ್ಲಿ ರೊಟ್ಟಿ, ಮೊಳಕೆ ಬಂದ ಮಡಿಕೆಕಾಳು, ರಾಶಿ ಮೆಂತ್ಯ ಸೊಪ್ಪು, ಎಲ್ಲದರ ಮೇಲೆ ಶೇಂಗಾ ಚಟ್ನಿಪುಡಿ. ಏನಿದು ಎಂದು ಅಜ್ಜ ಕೇಳಿದರೆ, ಬದನೆಕಾಯಿ ಎಣ್ಣೆಗಾಯಿ ಎನ್ನುವಳು ಆಯಿ. ಅಜ್ಜ ಸಂಶಯದಿಂದ ಅಗಿಯುವರು, ನುಂಗುವರು.

ಸಕ್ಕರೆ ಇಳಿಯಿತು. ಮಿರಜಿನಲ್ಲಿ ಬಲಗಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಎದುರುಮನೆ ಕಾಕಾ ಬಾಗಿಲಲ್ಲೇ ನಿಂತು, ಎಮ್ಮೆ ನೋಡಲು ಮುಂದಿನ ಸಂತೆಗೆ ಬರುತ್ತೀರೇನು ಎಂದು ಕೇಳಿ ಹೋದರು. ಅಜ್ಜ ಎದೆ ಉಬ್ಬಿಸಿ ಊಟಕ್ಕೆ ಕೂತರು. ಆಮೇಲೆ ತಾಟು ಕಂಡಿತು. ಅದನ್ನು ಬೆಳಕಿಗೆ ತಿರುಗಿಸಿ, ಎಮ್ಮೆ ನೋಡುವ ಹಾಗೆ ಆ ಕಡೆಯಿಂದ, ಈ ಕಡೆಯಿಂದ ನೋಡಿದರು.

"ಇಷ್ಟ ದಿನಾ ನಾ ಇದನ್ನ ತಿಂದ್ನೇನ?"

"ಹೂನ್ರಿ" ಎಂದಳು ಆಯಿ.

"ಕಂಡಿದ್ರ ಎಮ್ಮಿಗೆ ಹಾಕ್ತಿದ್ನಿ. ತಗಿ ಅತ್ಲಾಗ. ಈಗ ನನಗ ಕಾಣಸ್ತೈತಿ."

ಆಯಿ ನನ್ನ ಕಡೆ ನೋಡಿದಳು. ನನಗೆ ಎಲ್ಲಿಂದಲೋ ದನಿ ಬಂತು. "ಅಜ್ಜಾ, ಎಡಗಣ್ಣಿಂದು ಇನ್ನೂ ಆಗೂದೈತಿ."

ಅಜ್ಜ ತಾಟನ್ನು ಮತ್ತೆ ಎದುರಿಗೆ ಎಳೆದುಕೊಂಡರು. ಆಮೇಲೆ ಹೊಸ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ರೊಟ್ಟಿ ಮುರಿದರು.